ಐದು ಡಾಲರಿನ ಕಚೇರಿ

ಒಂದು ಚುರುಟಿನ ಪೆಟ್ಟಿಗೆ. ಅದರೊಳಗೆ ಸುಮಾರು ೬೦೦ ಡಾಲರು. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ನಾಲ್ವರು ಹುಡುಗರು ಅಲ್ಲಲ್ಲಿ ಹಾಡಿ, ಬಾರಿಸಿ ಕೂಡಿಟ್ಟಿದ್ದ ಹಣವದು. ೧೯೮೦ರಲ್ಲಿ ಅವರ ‘ಟೀನ್ ಐಡಲ್ಸ್’ ವಾದ್ಯತಂಡ ಒಡೆಯಿತು. ಹಣವನ್ನು ನಾಲ್ಕು ಪಾಲು ಮಾಡಿಕೊಳ್ಳುವುದೇ, ಇಲ್ಲವೇ ತಮ್ಮ ಹಾಡುಗಳ ಒಂದು ಧ್ವನಿಮುದ್ರಿಕೆಯನ್ನು ಹೊರತರುವುದೇ? ಹುಡುಗರು ಎರಡನೆಯ ದಾರಿಯನ್ನು ಹಿಡಿದರು.

ಅವರಲ್ಲೊಬ್ಬ ಇಯಾನ್ ಮಕಾಯ್. ಆಗ ಆತನಿಗೆ ಹದಿನೆಂಟು ವರ್ಷ. ತಂದೆ ಪತ್ರಿಕೋದ್ಯೋಗಿ. ಜೊತೆಗಾರ ಜೆಫ್ ನೆಲ್ಸನ್ ತಂಡದ ಡ್ರಮ್ ವಾದಕ. ಇವರ ‘ಪಂಕ್’ ಸಂಗೀತ ಕಿವಿಗೆ ಬಿರುಸು, ಲಯಕ್ಕೆ ಅತಿವೇಗ. ದೊಡ್ಡ ಕಂಪೆನಿಗಳು ಅದನ್ನು ಕೇಳುವಂತಿರಲಿಲ್ಲ. ಆದುದರಿಂದ ಗೆಳೆಯರು ತಾವೇ ‘ಡಿಸ್ಕಾರ್ಡ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಎಂಟು ಹಾಡುಗಳ ಆ ಪುಟ್ಟ ತಟ್ಟೆಯ ಸಾವಿರ ಪ್ರತಿಗಳು ಅಚ್ಚಾದವು. ಹೊದಿಕೆಯ ಕಾಗದವನ್ನು ಕತ್ತರಿಸಿ, ಮಡಿಸಿ, ಅಂಟು ಹಚ್ಚಿ ಸಿದ್ಧಪಡಿಸುವ ಕೆಲಸವೆಲ್ಲ ಮನೆಯಲ್ಲೇ ನಡೆಯಿತು. ಮಾರಿ ಬಂದ ಹಣದಿಂದ ಮುಂದಿನ ತಟ್ಟೆ; ಅದರಿಂದ ಇನ್ನೊಂದು. ಹನಿಗೂಡಿ ಹಳ್ಳವಾಯಿತು.

ಕೈಮೇಲಿನ ಗುರುತು

ಆ ಮೊದಲ ತಟ್ಟೆಯ ಹೊದಿಕೆಯ ಮೇಲೆ ಒಂದು ಚಿತ್ರವುಂಟು: ಅಡ್ಡಲಾಗಿ ಇಟ್ಟ ಎರಡು ಮುಷ್ಟಿಗಳು, ಅವುಗಳ ಮೇಲೆ ಕಪ್ಪು ಗುಣಾಕಾರ ಚಿಹ್ನೆ. ಹುಡುಗರು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿದ್ದಾಗ, ಮದ್ಯ ಮಾರುವ ಸಂಗೀತಶಾಲೆಯೊಂದರಲ್ಲಿ ಚಿಕ್ಕವರಿಗೆ ಕುಡಿಯಲು ಕೊಡಬಾರದೆಂದು ಕೈಮೇಲೆ ಈ ಗುರುತು ಹಾಕುತ್ತಿದ್ದರು. ಊರಿಗೆ ಮರಳಿದ ಮೇಲೆ ಹುಡುಗರು ಇದನ್ನೇ ಮುಂದಿಟ್ಟರು: ಗುರುತು ಹಾಕಿ, ಆದರೆ ಹಾಡು ಕೇಳಲು ಒಳಗೆ ಬಿಡಿ. ಕುಡಿಯುವ ವಯಸ್ಸಾಗದವನಿಗೆ ಸಂಗೀತವೂ ಸಲ್ಲದೆನ್ನುವುದು ಯಾವ ನ್ಯಾಯ?

ಮುಂದಿನ ತಂಡ ‘ಮೈನರ್ ಥ್ರೆಟ್’ನಲ್ಲಿ ಮಕಾಯ್ ಗಾಯಕನಾದ. ಮದ್ಯ, ಮಾದಕ ವಸ್ತುಗಳು ತನಗೆ ಬೇಡವೆಂದು ೧೯೮೧ರಲ್ಲಿ ಆತ ಹಾಡಿದ ‘ಸ್ಟ್ರೇಟ್ ಎಡ್ಜ್’ ಒಂದು ನಿಮಿಷವೂ ಇಲ್ಲದ ಹಾಡು. ಆದರೆ ಆ ಹೆಸರಿನಲ್ಲಿ ಒಂದು ಪಂಥವೇ ಹುಟ್ಟಿ ದೇಶದೇಶಗಳಿಗೆ ಹಬ್ಬಿತು. ಕೆಲವು ಅನುಯಾಯಿಗಳು ಕುಡಿಯುವವರ ಮೇಲೆ ಕೈಮಾಡುವಷ್ಟು ಕಠೋರರಾದರು. ತಾನು ಹೇಳಿದ್ದು ತನ್ನ ಬಾಳಿನ ಮಾತು, ಪರರಿಗೆ ವಿಧಿಸಿದ ಕಟ್ಟಳೆಯಲ್ಲವೆಂದು ೧೯೮೩ರ ತಟ್ಟೆಯ ಒಂದು ಹಾಡಿನ ನಡುವೆಯೇ ಆತ ಸ್ಪಷ್ಟಪಡಿಸಬೇಕಾಯಿತು.

ಕರಾರಿಲ್ಲದ ಕಂಪೆನಿ

ಡಿಸ್ಕಾರ್ಡಿನ ವ್ಯವಹಾರ ಆರ್ಲಿಂಗ್ಟನ್ನಿನ ಬಾಡಿಗೆ ಮನೆಯೊಂದರಿಂದ ನಡೆಯುತ್ತಿತ್ತು. ವಾಷಿಂಗ್ಟನ್ ಸುತ್ತಿನ ತಂಡಗಳಿಗೆ ಮಾತ್ರ ಅಲ್ಲಿ ಅವಕಾಶ. ಲಿಖಿತ ಕರಾರಿಲ್ಲ, ಖರ್ಚು ಕಳೆದು ಉಳಿದುದರಲ್ಲಿ ಪಾಲು, ಅಷ್ಟೆ. ಅಂಚೆವೆಚ್ಚ ಸೇರಿದ ಬೆಲೆಯನ್ನು ಹೊದಿಕೆಯ ಮೇಲೇ ಅಚ್ಚುಹಾಕುತ್ತಿದ್ದುದರಿಂದ ಅಂಗಡಿಯವನು ಮನಬಂದಂತೆ ಏರಿಸುವಂತಿರಲಿಲ್ಲ. ಡಾನ್ ಝಿಯೆಂಟಾರಾ ಎಂಬವರ ‘ಇನ್ನರ್ ಇಯರ್’ ಧ್ವನಿಮುದ್ರಣ ಶಾಲೆಯಲ್ಲಿ ಮಕಾಯ್ ಇತರ ತಂಡಗಳ ಹಾಡುಗಳಿಗೂ ನಿರ್ಮಾಪಕನಾದ. ೧೯೮೫ರಲ್ಲಿ ಹೊರಬಂದ ‘ರೈಟ್ಸ್ ಆಫ್ ಸ್ಪ್ರಿಂಗ್’ ತಂಡದ ತಟ್ಟೆ ಅಂತಹುದರಲ್ಲೊಂದು.

೧೯೮೭ರಲ್ಲಿ ‘ಫುಗಾಝಿ’ ತಂಡ ವೇದಿಕೆಯೇರಿತು. ಪ್ರವೇಶದರ ಸಾಮಾನ್ಯವಾಗಿ ಐದೇ ಡಾಲರು. ಎಲ್ಲ ವಯಸ್ಸಿನವರಿಗೂ ಪ್ರವೇಶ. ದರ ಇಷ್ಟು ಕಡಿಮೆಯಿರಬೇಕಾದರೆ ಖರ್ಚೂ ಕಡಿಮೆಯಿರಬೇಕಷ್ಟೆ? ತಂಡದವರು ವ್ಯಾನಿನಲ್ಲಿ ಪ್ರಯಾಣ ಮಾಡಿದರು, ವಾದ್ಯಗಳನ್ನು ತಾವೇ ಹೊತ್ತರು. ಕಚೇರಿಗಳನ್ನು ಗೊತ್ತುಮಾಡುವ ಕೆಲಸವನ್ನು ಮಕಾಯ್ ತಾನೇ ನೋಡಿಕೊಂಡ. ಸಭೆಯಲ್ಲಿ ಯಾರಾದರೂ ಅಕ್ಕಪಕ್ಕದವರನ್ನು ತಳ್ಳಿ ಹೊಡೆದರೆ ಹಾಡು ನಿಲ್ಲುತ್ತಿತ್ತು. ಅಂತಹವನ ಕೈಗೆ ಐದು ಡಾಲರನ್ನು ಹಿಂದಕ್ಕೆ ಕೊಟ್ಟು ಬಾಗಿಲು ತೋರಿಸುತ್ತಿದ್ದರು.

ದೊಡ್ಡ ಕಂಪೆನಿ ಬಾಗಿಲಿಗೆ ಬಂದಾಗ

೧೯೯೧ರಲ್ಲಿ ‘ನಿರ್ವಾಣ’ ತಂಡದ ಯಶಸ್ಸನ್ನು ಕಂಡ ದೊಡ್ಡ ಕಂಪೆನಿಗಳು ಇಂತಹ ತಂಡಗಳನ್ನು ಹುಡುಕಿಕೊಂಡು ಹೊರಟವು. ೧೯೯೩ರಲ್ಲಿ ನ್ಯೂಯಾರ್ಕಿನ ಕಚೇರಿಯೊಂದಕ್ಕೆ ಅಟ್ಲಾಂಟಿಕ್ ಕಂಪೆನಿಯ ಸ್ಥಾಪಕ ಅಹ್ಮೆತ್ ಎರ್ಟೆಗುನ್ ಸ್ವತಃ ಬಂದು ಫುಗಾಝಿಯನ್ನು ಆಹ್ವಾನಿಸಿದರು. ರೇ ಚಾರ್ಲ್ಸ್‌ನಂತಹ ಗಾಯಕನ ಹಾಡುಗಳನ್ನು ಲೋಕಕ್ಕೆ ಕೇಳಿಸಿದ ಹಿರಿಯರು ಅವರು. ನಾಲ್ವರ ಜೀವನವೂ ಆ ಸಹಿಯಿಂದ ಹಸನಾಗಬಹುದಿತ್ತು. ಆದರೆ ದರವೆಷ್ಟು, ಯಾರಿಗೆ ಪ್ರವೇಶ, ಯಾವಾಗ ಹಾಡುವುದು ಎಂಬ ತೀರ್ಮಾನಗಳು ಕೈಬಿಟ್ಟುಹೋಗಬಹುದೆಂಬುದೂ ಅಷ್ಟೇ ನಿಜ. ತಂಡ ವಿನಯದಿಂದ ಒಲ್ಲೆನೆಂದಿತು.

೨೦೦೨ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಹಾಡಿದ ಬಳಿಕ ಫುಗಾಝಿ ಮೌನವಾಯಿತು. ಮಕಾಯ್ ಮಾತ್ರ ಸಂಗೀತವನ್ನು ಬಿಡಲಿಲ್ಲ. ಪತ್ನಿ ಏಮಿ ಫರೀನಾಳೊಡನೆ ‘ಈವನ್ಸ್’ ಎಂಬ ಇಬ್ಬರ ತಂಡ ಕಟ್ಟಿದ. ಫುಗಾಝಿಯ ಜೋ ಲಾಲಿಯೂ ಸೇರಿದ ‘ಕೊರಿಕಿ’ ತಂಡದ ಹಾಡುಗಳು ೨೦೨೦ರಲ್ಲಿ ಹೊರಬಂದವು.

ವರ್ಷಗಟ್ಟಲೆ ಊರೂರು ತಿರುಗಿ ಹಾಡುತ್ತಿದ್ದಾಗ ಫುಗಾಝಿ ತನ್ನ ಕಚೇರಿಗಳ ಧ್ವನಿಸುರುಳಿಗಳನ್ನು ಜೋಪಾನವಾಗಿ ತೆಗೆದಿರಿಸಿತ್ತು. ಅಂತಹವು ನೂರಾರು. ೨೦೧೧ರಲ್ಲಿ ಡಿಸ್ಕಾರ್ಡ್ ಅವನ್ನು ಒಂದೊಂದಾಗಿ ಜನರ ಮುಂದಿಡಲು ಆರಂಭಿಸಿತು. ಕೈಲಾಗದವನು ಒಂದು ಡಾಲರು ಕೊಡಬಹುದು, ಉಳ್ಳವನು ನೂರು ಕೊಡಬಹುದು. ಸಂಸ್ಥೆ ಸೂಚಿಸಿದ ಬೆಲೆ ಮಾತ್ರ ಐದು ಡಾಲರು.