ಗುಂಡಿನಚ್ಚಿನ ಬೂದಿ

1776ರ ಜುಲೈ 9ರಂದು ನ್ಯೂಯಾರ್ಕಿನ ಜನ ದೊರೆ ಮೂರನೆಯ ಜಾರ್ಜನ ಪ್ರತಿಮೆಗೆ ಹಗ್ಗ ಕಟ್ಟಿ ಎಳೆದು ಕೆಡವಿದರು. ಕುದುರೆಯೇರಿದ ಆ ದೊರೆಗೆ ಹೊರಗೆ ಚಿನ್ನದ ಲೇಪ, ಒಳಗೆ ಸೀಸ. ತುಂಡುಗಳಲ್ಲಿ ಬಹುಪಾಲು ಕನೆಕ್ಟಿಕಟ್‌ನ ಲಿಚ್‌ಫೀಲ್ಡ್ ಊರಿಗೆ, ಆಲಿವರ್ ವಾಲ್ಕಾಟ್ ಎಂಬ ಮುಖಂಡನ ಮನೆಗೆ ಹೋಯಿತು. ಮನೆಯ ಮಕ್ಕಳೂ ನೆರೆಹೊರೆಯ ಹೆಂಗಸರೂ ಕೂತು ಸೀಸ ಕರಗಿಸಿ, ಅಚ್ಚಿಗೆ ಹೊಯ್ದು ಗುಂಡು ಮಾಡಿದರು. ಒಟ್ಟು 42,088 ಗುಂಡು. ಯಾರು ಎಷ್ಟು ಮಾಡಿದರೆಂಬ ಲೆಕ್ಕವೂ ಉಳಿದುಬಂದಿದೆ: ಮಗಳು ಲಾರಾ 8,378, ಇನ್ನೊಬ್ಬ ಮಗಳು ಮೇರಿ ಆ್ಯನ್ 10,790, ಮಗ ಫ್ರೆಡ್ರಿಕ್ 936. ಮೇರಿ ಆ್ಯನ್‌ಗೆ ಆಗ 11 ವರ್ಷ, ಫ್ರೆಡ್ರಿಕ್‌ಗೆ 8.

ಅಮೆರಿಕದವರು ಹೆಮ್ಮೆಪಟ್ಟು ಹೇಳುವ ಕಥೆ ಇದು. ನನ್ನನ್ನು ಕಾಡುವುದು ಮಾತ್ರ ಕೊನೆಯ ಆ 936. ಎಂಟು ವರ್ಷದ ಹುಡುಗನ ಬೆರಳು ಅಷ್ಟು ಸಲ ಅಚ್ಚು ಮುಟ್ಟಿ, ಎಷ್ಟು ಸಲ ಬಾಯಿಗೆ ಹೋಗಿರಬಹುದು?

ಮನೆಯಲ್ಲೇ ಗುಂಡು ಎರಕ ಹೊಯ್ಯುವ ರೂಢಿ ಆ ದೇಶದಲ್ಲಿ ಇವತ್ತಿಗೂ ಇದೆ. ಅದರ ಜೊತೆಗೇ ಹಳೆಯ ಅಚ್ಚು ಹುಡುಕುವ ಹುಚ್ಚೂ ಇದೆ. ಜಾನ್ ಬಾರ್ಲೋ ಎಂಬಾತ 1884ರಲ್ಲಿ ಕನೆಕ್ಟಿಕಟ್‌ನಲ್ಲಿ ಶುರುಮಾಡಿದ ಐಡಿಯಲ್ ಕಂಪನಿಯ ಅಚ್ಚುಗಳಿಗೆ ಸಂಗ್ರಾಹಕರಲ್ಲಿ ವಿಶೇಷ ಬೆಲೆ. 1925ರಲ್ಲಿ ಆ ಉದ್ಯಮ ಲೈಮನ್ ಕಂಪನಿಯ ಪಾಲಾಯಿತು. ನೋಡಲು ನಮ್ಮ ಅಡಕತ್ತರಿಯ ದಾಯಾದಿಯಂತಿರುವ ಸಾಧನ: ಎರಡು ಹಿಡಿ, ತುದಿಯಲ್ಲಿ ಎರಡು ಹೋಳು, ಹೋಳುಗಳ ನಡುವೆ ಗುಂಡಿನಾಕಾರದ ಕುಳಿ, ಮೇಲೆ ಹೆಚ್ಚುವರಿ ಸೀಸ ಕತ್ತರಿಸುವ ತಗಡು. ನೂರು ವರ್ಷದ ಹಿಂದಿನ ಅಚ್ಚು ಇಂದಿಗೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಗುಂಡು ಕೊಡುತ್ತದೆ. ಇದರ ಚೆಲುವನ್ನು ನಾನು ಅಲ್ಲಗಳೆಯುವವನಲ್ಲ. ಅಪಾಯ ಇರುವುದು ಅಚ್ಚಿನ ಉಕ್ಕಿನಲ್ಲಲ್ಲ, ಅದಕ್ಕೆ ಅಂಟಿಕೊಂಡು ಬರುವ ಬೂದುಬಣ್ಣದ ಹುಡಿಯಲ್ಲಿ.

ಎರಕದವರು ತಪ್ಪದೆ ಹೇಳುವ ಒಂದು ವಾದವಿದೆ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕುದಿಯುವುದು 1,749ರಲ್ಲಿ. ನಾವು ಕಾಯಿಸುವುದು 400ರ ಆಸುಪಾಸು, ಇನ್ನು ಆವಿ ಎಲ್ಲಿಂದ ಬರಬೇಕು? ಅರ್ಧ ನಿಜ. ಆ ಕಾವಿನಲ್ಲಿ ಏಳುವ ಆವಿ ನಿಜಕ್ಕೂ ಕಡಿಮೆ. ಆದರೆ ಕರಗಿದ ಸೀಸ ಗಾಳಿಗೆ ತಾಗಿದ ಕ್ಷಣದಿಂದ ಮೇಲೆ ಕಿಟ್ಟ ಕಟ್ಟತೊಡಗುತ್ತದೆ. ಅದನ್ನು ಚಮಚದಲ್ಲಿ ಕೆರೆದು ತೆಗೆದಾಗ ಉದುರುವುದು ಸೀಸದ ಆಕ್ಸೈಡಿನ ನುಣ್ಣನೆಯ ಪುಡಿ. ಅದು ಅಂಗಿಯ ತೋಳಿಗೆ, ಚಪ್ಪಲಿಯ ಅಟ್ಟೆಗೆ, ಕಾರಿನ ಸೀಟಿಗೆ ಹತ್ತಿ ಮನೆಯೊಳಕ್ಕೆ ನಡೆದುಬರುತ್ತದೆ. ಹಳೆಯ ಅಚ್ಚನ್ನು ಕೊಂಡುತಂದು ತಂತಿಯ ಬ್ರಷ್ಷಿನಿಂದ ತಿಕ್ಕಿ ಹೊಳಪು ಕೊಡುವವರು ಸೀಸ ಕರಗಿಸದೆಯೇ ಈ ಪುಡಿ ಎಬ್ಬಿಸುತ್ತಾರೆ.

ಎಷ್ಟು ಪುಡಿ ಸಾಕು? ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2019ರಲ್ಲಿ, ಮನೆಯ ನೆಲದ ಧೂಳಿನಲ್ಲಿ ಚದರಡಿಗೆ 10 ಮೈಕ್ರೋಗ್ರಾಂ ಸೀಸ ಇದ್ದರೆ ಅದು ಅಪಾಯವೆಂದು ನಿಗದಿ ಮಾಡಿತು. ಒಂದು ಗ್ರಾಮಿನಲ್ಲಿ ಹತ್ತು ಲಕ್ಷ ಮೈಕ್ರೋಗ್ರಾಂ. ಅಂದರೆ ಒಂದೇ ಗ್ರಾಂ ಸೀಸವನ್ನು ಸಮನಾಗಿ ಹರಡಿದರೆ ಒಂದು ಲಕ್ಷ ಚದರಡಿ ಆ ಮಟ್ಟ ಮುಟ್ಟುತ್ತದೆ. ನಮ್ಮ ಲೆಕ್ಕದಲ್ಲಿ 30–40ರ ಸೈಟುಗಳು 83. ಒಂದು ಸಂಜೆಯ ಎರಕದಲ್ಲಿ ತೆಗೆದು ಬಿಸಾಡುವ ಕಿಟ್ಟ ಒಂದು ಗ್ರಾಮಿಗಿಂತ ಎಷ್ಟೋ ಹೆಚ್ಚು.

ಇನ್ನು ಬಂದೂಕು ಹಾರಿಸುವವರ ರಕ್ತದ ಸಾಕ್ಷ್ಯ. ಶೂಟಿಂಗ್ ರೇಂಜುಗಳ ಬಗ್ಗೆ 2017ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ 36 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. 31 ಅಧ್ಯಯನಗಳಲ್ಲಿ ಕೆಲವರ ರಕ್ತದ ಸೀಸ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿತ್ತು. 15ರಲ್ಲಿ 40ನ್ನೂ ದಾಟಿತ್ತು. ಹಾರಿಸುವುದರ ಜೊತೆ ಮನೆಯಲ್ಲಿ ಎರಕವನ್ನೂ ಹೊಯ್ಯುವವರು ಈ ಹೊರೆಯ ಮೇಲೆ ಇನ್ನೊಂದನ್ನು ಹೇರಿಕೊಳ್ಳುತ್ತಾರೆ.

'ಅಪ್ಪ ಐವತ್ತು ವರ್ಷ ಗುಂಡು ಹೊಯ್ದರು, ಗಟ್ಟಿಮುಟ್ಟಾಗಿಯೇ ಇದ್ದರು' ಎನ್ನುವವರಿಗೆ ಬರಗಾಲವಿಲ್ಲ. ಆದರೆ ಸೀಸ ಕಂತಿನಲ್ಲಿ ವಸೂಲಿ ಮಾಡುವ ಸಾಲಗಾರ. ರಕ್ತದಿಂದ ಅದರಲ್ಲಿ ಅರ್ಧ ಇಳಿಯಲು ಒಂದು ತಿಂಗಳು ಸಾಕು. ಆದರೆ ದೊಡ್ಡವರ ಮೈಯಲ್ಲಿರುವ ಸೀಸದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಕ್ಯಾಲ್ಸಿಯಮ್ಮಿನ ವೇಷದಲ್ಲಿ ಮೂಳೆ ಸೇರಿ ದಶಕಗಟ್ಟಲೆ ಕೂತಿರುತ್ತದೆ. ಮೂಳೆ ಸವೆಯುವ ಮುಪ್ಪಿನಲ್ಲಿ ಮರಳಿ ರಕ್ತಕ್ಕಿಳಿಯುತ್ತದೆ. ಬಸುರಿನಲ್ಲಿ ಹೊಟ್ಟೆಯೊಳಗಿನ ಮಗುವಿಗೆ ದಾಟುತ್ತದೆ. ಬ್ರೂಸ್ ಲ್ಯಾನ್‌ಫಿಯರ್ ಮತ್ತು ಸಂಗಡಿಗರು 2018ರಲ್ಲಿ ಹಾಕಿದ ಅಂದಾಜಿನಂತೆ, ಅಮೆರಿಕವೊಂದರಲ್ಲೇ ವರ್ಷಕ್ಕೆ 4,12,000 ಸಾವುಗಳಿಗೆ ಸೀಸದ ನಂಟಿದೆ. ಹೆಚ್ಚಿನವು ಹೃದಯ, ರಕ್ತನಾಳಗಳ ಕಾಯಿಲೆಯ ಸಾವುಗಳು. ಮರಣಪತ್ರದಲ್ಲಿ ಸೀಸದ ಹೆಸರಿರುವುದಿಲ್ಲ.

ಮಕ್ಕಳ ವಿಷಯ ಇನ್ನೂ ಕಠಿಣ. ಅದೇ ಲ್ಯಾನ್‌ಫಿಯರ್ ತಂಡ 2005ರಲ್ಲಿ ತೋರಿಸಿದ್ದೇನೆಂದರೆ, ರಕ್ತದ ಸೀಸ 2.4ರಿಂದ 30ಕ್ಕೆ ಏರಿದರೆ ಬುದ್ಧಿಮಟ್ಟದ ಅಂಕ 6.9ರಷ್ಟು ಇಳಿಯುತ್ತದೆ, ಅದರಲ್ಲಿ 3.9 ಅಂಕ 10 ಮುಟ್ಟುವುದರೊಳಗೇ ಹೋಗಿರುತ್ತದೆ. ಮೊದಲ ಗುಟುಕಿನದೇ ದೊಡ್ಡ ಪೆಟ್ಟು. ಅಮೆರಿಕದ ಆರೋಗ್ಯ ಇಲಾಖೆ ಮಕ್ಕಳ ವಿಷಯದಲ್ಲಿ ಎಚ್ಚರಿಕೆಯ ಗೆರೆಯನ್ನು 1960ರ ದಶಕದ 60ರಿಂದ 1985ರಲ್ಲಿ 25ಕ್ಕೆ, 1991ರಲ್ಲಿ 10ಕ್ಕೆ, 2012ರಲ್ಲಿ 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಸುತ್ತ ಬಂದಿದೆ. ಹಳೆಯ ಕೈಪಿಡಿಯಲ್ಲಿ ಓದಿದ ಧೈರ್ಯ ಇವತ್ತಿಗೆ ಸಲ್ಲದು.

ಮುಂದಿನ ದಿನಗಳು ಇನ್ನೂ ಕೆಡುವಂತೆ ಕಾಣುತ್ತಿವೆ. ಹವ್ಯಾಸಿಗಳ ನೆಚ್ಚಿನ ಮೂಲ ಕಾರಿನ ಚಕ್ರಕ್ಕೆ ಸಿಕ್ಕಿಸುವ ಸೀಸದ ತೂಕದ ತುಂಡುಗಳಾಗಿದ್ದವು. ಯುರೋಪಿನಲ್ಲಿ 2005ರಿಂದ, ಕ್ಯಾಲಿಫೋರ್ನಿಯಾದಲ್ಲಿ 2010ರಿಂದ ಅವಕ್ಕೆ ನಿಷೇಧ. ಆ ಜಾಗಕ್ಕೆ ಉಕ್ಕು, ಸತು ಬಂದಿವೆ. ಸೀಸಕ್ಕೆ ಬರ ಬಂದಾಗ ಕೆಲವರ ಕಣ್ಣು ಹಳೆಯ ಬ್ಯಾಟರಿಯ ಮೇಲೆ ಬೀಳುತ್ತದೆ. ದಯವಿಟ್ಟು ಇದನ್ನು ಮಾತ್ರ ಮರೆಯಬೇಡಿ: ಈಗಿನ ಬ್ಯಾಟರಿಗಳ ಫಲಕದಲ್ಲಿ ಕ್ಯಾಲ್ಸಿಯಂ ಇರುತ್ತದೆ, ಅದು ಆರ್ಸೆನಿಕ್, ಆಂಟಿಮನಿ ಇರುವ ಸೀಸದೊಡನೆ ಕರಗಿದರೆ ಸಿಗುವ ಕಿಟ್ಟಕ್ಕೆ ನೀರಿನ ಪಸೆ ತಾಗಿದರೆ ಸಾಕು, ಆರ್ಸೀನ್, ಸ್ಟಿಬೀನ್ ಎಂಬ ಅನಿಲಗಳು ಏಳಬಹುದು. ರಕ್ತದ ಕೆಂಪುಕಣಗಳನ್ನೇ ಒಡೆಯುವ ಅನಿಲಗಳು ಅವು.

ನಮಗೇಕೆ ಇದರ ಉಸಾಬರಿ ಎನ್ನಬಹುದು. ಕೊಡಗಿನಲ್ಲಿ ಕೈಲ್ ಪೊಳ್ದ್ ದಿನ ಕೋವಿಗೆ ಪೂಜೆ ನಡೆಯುತ್ತದೆ. ಮಲೆನಾಡಿನ ಹಿರಿಯರಿಗೆ ಕೇಪಿನ ಕೋವಿ, ಚರೆ, ಈಡು ಎಂಬ ಮಾತುಗಳು ಹೊಸವಲ್ಲ. ಅಜ್ಜನ ಕಾಲದ ಅಚ್ಚೊಂದು ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕರೆ ಆಶ್ಚರ್ಯವೇನಿಲ್ಲ. (1959ರ ಶಸ್ತ್ರಾಸ್ತ್ರ ಕಾಯ್ದೆ ಗುಂಡು ತಯಾರಿಸುವ ಯಂತ್ರಸಾಮಗ್ರಿಯನ್ನೂ 'ಮದ್ದುಗುಂಡು' ಎಂಬ ವ್ಯಾಖ್ಯೆಯಲ್ಲಿ ಸೇರಿಸಿದೆ ಎಂಬುದು ಬೇರೆಯೇ ತಲೆನೋವು.) ಮುಚ್ಚಿದ ಅಚ್ಚುಕೂಟಗಳ ಮೊಳೆಗಳೂ ಸೀಸ, ತವರ, ಆಂಟಿಮನಿಗಳ ಮಿಶ್ರಲೋಹವೇ, ಎರಕದವರು ಮುಗಿಬೀಳುವ ಲೋಹ ಅದು. ಕನ್ನಡದ ಅಕ್ಷರಗಳ ನೆನಪಿಗೆಂದು ಹಿಡಿ ಮೊಳೆ ತಂದು ಷೋಕೇಸಿನಲ್ಲಿ ಇಟ್ಟವರಿಗೂ ಈ ಮಾತು ಅನ್ವಯಿಸುತ್ತದೆ. ಅದೂ ಅಲ್ಲದೆ ನಮ್ಮ ಮಕ್ಕಳ ರಕ್ತದಲ್ಲಿ ಜಾಗ ಖಾಲಿ ಇಲ್ಲ: ಯುನಿಸೆಫ್ 2020ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ ಭಾರತದ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಸೀಸ 5 ಮೈಕ್ರೋಗ್ರಾಂ ದಾಟಿದೆ.

ಅಚ್ಚನ್ನು ಎಸೆಯಿರಿ ಎಂದು ನಾನು ಹೇಳುತ್ತಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಇಡಿ, ಬರಿಗೈಯಲ್ಲಿ ಮುಟ್ಟಬೇಡಿ, ಒಣ ಪೊರಕೆಯಿಂದ ಆ ಜಾಗ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಮನೆಯಲ್ಲಿ ಈಗಾಗಲೇ ಸೀಸ ಕರಗಿಸಿದ್ದರೆ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಕರಗಿಸಿದವರದು ಆಮೇಲೆ ಆಗಲಿ, ಮೊದಲು ಆ ಮನೆಯಲ್ಲಿ ಅಂಬೆಗಾಲಿಡುವ ಮಗುವಿನದು.