ಕೊನೆಗಾಲದ ಮನೆಯಾರೈಕೆ ಮತ್ತು ಆಕ್ಯುಪೇಷನಲ್ ಥೆರಪಿ

ಮನುಷ್ಯ ದಿನವಿಡೀ ಮಾಡುವ ಕೆಲಸಗಳನ್ನೇ ಹಿಡಿದುಕೊಂಡು ನಡೆಯುವ ಚಿಕಿತ್ಸೆ ಆಕ್ಯುಪೇಷನಲ್ ಥೆರಪಿ. ಇಲ್ಲಿ ‘ಆಕ್ಯುಪೇಷನ್’ ಎಂದರೆ ನೌಕರಿಯಲ್ಲ. ಹಲ್ಲುಜ್ಜುವುದು, ಸೀರೆ ಉಡುವುದು, ಅನ್ನ ಕಲಸಿ ಉಣ್ಣುವುದು, ದೇವರಿಗೆ ದೀಪ ಹಚ್ಚುವುದು, ಊರಿನಲ್ಲಿರುವ ತಂಗಿಗೆ ಫೋನು ಮಾಡುವುದು ಎಲ್ಲವೂ ಈ ಪದದೊಳಗೆ ಬರುತ್ತವೆ. ಮುಂಬಯಿ ಆಸುಪಾಸಿನ ಕನ್ನಡಿಗರಿಗೆ ಇಲ್ಲಿ ಇನ್ನೊಂದು ತೊಡಕೂ ಉಂಟು. ಮರಾಠಿಯಲ್ಲಿ ಈ ಚಿಕಿತ್ಸೆಯ ಹೆಸರು ‘ವ್ಯವಸಾಯೋಪಚಾರ’. ಮರಾಠಿಗರ ವ್ಯವಸಾಯ ಎಂದರೆ ಕಸುಬು, ಕನ್ನಡಿಗರ ವ್ಯವಸಾಯ ಎಂದರೆ ಬೇಸಾಯ. ಆಸ್ಪತ್ರೆಯ ಫಲಕದಲ್ಲಿ ಆ ಪದ ಕಂಡವರು ಅದು ತಮಗೆ ಸಂಬಂಧಪಟ್ಟದ್ದಲ್ಲವೆಂದು ಮುಂದಕ್ಕೆ ನಡೆದರೆ ತಪ್ಪೇನಿಲ್ಲ. ಫಿಸಿಯೋಥೆರಪಿಯಿಂದ ಇದನ್ನು ಬೇರ್ಪಡಿಸಲು ಒಂದು ಸರಳ ದಾರಿಯಿದೆ. ಫಿಸಿಯೋಥೆರಪಿಸ್ಟ್ ಮೊಣಕಾಲು ಎಷ್ಟು ಮಡಚುತ್ತದೆ ಎಂದು ನೋಡುತ್ತಾರೆ; ಆಕ್ಯುಪೇಷನಲ್ ಥೆರಪಿಸ್ಟ್ ಅಷ್ಟೇ ಮಡಚುವ ಮೊಣಕಾಲಿನಿಂದ ಈ ಮನೆಯ ಶೌಚಾಲಯದಲ್ಲಿ ಕೂತು ಏಳುವುದು ಹೇಗೆ ಎಂದು ನೋಡುತ್ತಾರೆ. ಎರಡರ ನಡುವೆ ಬೇಲಿಯಿಲ್ಲ, ದೃಷ್ಟಿ ಮಾತ್ರ ಬೇರೆ.

ಭಾರತದಲ್ಲಿ ಈ ವಿದ್ಯೆ ಬೇರೂರಿದ್ದು ಮುಂಬಯಿಯಲ್ಲೇ. ಅಮೆರಿಕದಲ್ಲಿ ಹುಟ್ಟಿ, ಮದುವೆಯಾಗಿ ಇಲ್ಲಿಗೆ ಬಂದು ಕಮಲಾ ಎಂಬ ಹೆಸರು ಪಡೆದ ಕಮಲಾ ನಿಂಬಕರ್ 1950ರಲ್ಲಿ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಶಾಲೆ ತೆರೆದರು. ಏಷ್ಯಾದಲ್ಲೇ ಇದು ಮೊದಲನೆಯದು. ಈ ವೃತ್ತಿಯವರ ಅಖಿಲ ಭಾರತ ಸಂಘ ಹುಟ್ಟಿದ್ದು 1952ರಲ್ಲಿ. ಅದೇ ವರ್ಷ ಸ್ಥಾಪನೆಯಾದ ವಿಶ್ವ ಒಕ್ಕೂಟದ ಸ್ಥಾಪಕ ಸದಸ್ಯರಲ್ಲಿ ಭಾರತವೂ ಒಂದು. ಸಯನ್ ಮತ್ತು ನಾಯರ್ ಆಸ್ಪತ್ರೆಗಳಲ್ಲೂ ಮುಂದೆ ಶಾಲೆಗಳು ಬಂದವು. ಕರ್ನಾಟಕದಲ್ಲಿ ಮಣಿಪಾಲದಲ್ಲಿ ಪದವಿ ಶಿಕ್ಷಣವಿದೆ. 2021ರ ಕೇಂದ್ರ ಕಾಯಿದೆಯೊಂದು ಈ ವೃತ್ತಿಯನ್ನೂ ರಾಷ್ಟ್ರೀಯ ಆಯೋಗದ ಅಡಿಗೆ ತಂದಿದೆ.

ಕೊನೆಗಾಲದಲ್ಲಿ ಈ ವಿದ್ಯೆ ಕೈಜೋಡಿಸುವುದು ಹಾಸ್ಪೈಸ್ ಆರೈಕೆಯ ಜೊತೆ. ಹಾಸ್ಪೈಸ್ ಎಂದರೆ ಸಾಯಲು ಕಳಿಸುವ ಜಾಗ ಎಂಬ ಭಯ ಬಹಳ ಮನೆಗಳಲ್ಲಿದೆ. ಅದು ಜಾಗಕ್ಕಿಂತ ಹೆಚ್ಚಾಗಿ ಒಂದು ಆರೈಕೆಯ ರೀತಿ. ಕಾಯಿಲೆ ವಾಸಿಯಾಗದು ಎಂದು ಗೊತ್ತಾದ ಮೇಲೆ ನೋವು, ಉಬ್ಬಸ, ಸುಸ್ತು, ಭಯ ಇವುಗಳನ್ನೇ ಚಿಕಿತ್ಸೆಯ ವಿಷಯವಾಗಿ ತೆಗೆದುಕೊಳ್ಳುವ ಕ್ರಮವದು. ನರ್ಸ್ ಆಗಿ, ಸಮಾಜ ಕಾರ್ಯಕರ್ತೆಯಾಗಿ, ಕೊನೆಗೆ ವೈದ್ಯೆಯಾಗಿ ದುಡಿದ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ಎರಡೇ ವರ್ಷಕ್ಕೆ ಅಲ್ಲಿನ ತಂಡ ರೋಗಿಗಳ ಮನೆಗೂ ಹೋಗತೊಡಗಿತು. ಭಾರತದ ಮೊದಲ ಹಾಸ್ಪೈಸ್ ಬಾಂದ್ರಾದ ಶಾಂತಿ ಆವೇದನಾ ಸದನ, 1986ರದು. ಬೆಂಗಳೂರಿನ ಕರುಣಾಶ್ರಯದ ಟ್ರಸ್ಟ್ ಸ್ಥಾಪನೆಯಾದದ್ದು 1994ರಲ್ಲಿ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಈ ಆರೈಕೆ ಬಹುಪಾಲು ಮನೆಯಲ್ಲೇ ನಡೆಯಬೇಕು. ದೊಡ್ಡ ಕ್ಯಾನ್ಸರ್ ಆಸ್ಪತ್ರೆ ಪರೇಲಿನಲ್ಲಿ, ಅದರ ಇನ್ನೊಂದು ಕೇಂದ್ರ ಖಾರ್‌ಘರಿನಲ್ಲಿ. ಕಲ್ಯಾಣದಿಂದ ಮುಂಬಯಿಯ ರೈಲು ಕೊನೆಗೆ ಐವತ್ತಕ್ಕೂ ಹೆಚ್ಚು ಕಿಲೋಮೀಟರು. ಬಲವಿದ್ದವರಿಗೂ ಬೆಳಗಿನ ಲೋಕಲ್ ಹತ್ತುವುದು ಸಾಹಸ, ನಿಲ್ಲಲಾರದ ರೋಗಿಗೆ ಅದು ಆಗದ ಮಾತು. ಆದ್ದರಿಂದ ಥೆರಪಿಸ್ಟ್ ಮನೆಗೆ ಹೋಗುತ್ತಾರೆ. ಅವರ ಚೀಲದಲ್ಲಿ ಅಳತೆಯ ಟೇಪು, ವೆಲ್ಕ್ರೋ ಪಟ್ಟಿ, ಫೋಮಿನ ತುಂಡುಗಳಿದ್ದರೆ ಅರ್ಧ ಕೆಲಸಕ್ಕೆ ಸಾಕು. ರೋಗಿಯ ಕೈಕಾಲು ಪರೀಕ್ಷಿಸುವ ಮೊದಲೇ ಅವರು ಮಂಚದ ಎತ್ತರ, ಬಚ್ಚಲ ಬಾಗಿಲ ಅಗಲ, ಹೊಸ್ತಿಲ ಏರು ಅಳೆದರೆ ಮನೆಯವರು ಅಚ್ಚರಿಪಡುತ್ತಾರೆ. ಆದರೆ ಬೀಳುವುದೂ ಬೀಳದಿರುವುದೂ ತೀರ್ಮಾನವಾಗುವುದು ಹೆಚ್ಚಾಗಿ ಆ ಅಳತೆಗಳಲ್ಲೇ.

ಈ ಇಡೀ ವಿದ್ಯೆಯನ್ನು ಒಂದು ಸ್ನಾನದಿಂದ ವಿವರಿಸಬಹುದು. ಎದೆಯಲ್ಲಿ ಗಡ್ಡೆಯಿರುವ, ನಾಲ್ಕು ಹೆಜ್ಜೆಗೆ ಉಸಿರು ಕಟ್ಟುವ ಹಿರಿಯರೊಬ್ಬರು ಒಂದು ರೂಮು-ಕಿಚನ್ ಮನೆಯಲ್ಲಿದ್ದಾರೆ ಎಂದುಕೊಳ್ಳೋಣ. ಸುಮ್ಮನೆ ಕೂತಾಗ ದೇಹ ಬಳಸುವ ಆಮ್ಲಜನಕವನ್ನು ಒಂದು ‘ಮೆಟ್’ ಎನ್ನುತ್ತಾರೆ: ಒಂದು ಕಿಲೋ ತೂಕಕ್ಕೆ ನಿಮಿಷಕ್ಕೆ ಸುಮಾರು 3.5 ಮಿಲಿಲೀಟರು. ನಿಂತು ಸ್ನಾನ ಮಾಡಿ ಮೈ ಒರೆಸಿಕೊಳ್ಳಲು ಸುಮಾರು ಎರಡು ಮೆಟ್ ಬೇಕು, ನಿಧಾನವಾಗಿ ಮೆಟ್ಟಿಲು ಹತ್ತಲು ನಾಲ್ಕು. ಆರೋಗ್ಯವಂತರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಗರಿಷ್ಠ ಶಕ್ತಿಯೇ ಮೂರು ಮೆಟ್‌ಗೆ ಇಳಿದವರಿಗೆ ಸ್ನಾನವೆಂದರೆ ಇರುವ ಹಣದ ಮೂರರಲ್ಲಿ ಎರಡು ಪಾಲು ಒಂದೇ ಅಂಗಡಿಯಲ್ಲಿ ಖರ್ಚಾದಂತೆ.

ಇದರ ಮೇಲೆ ಉಸಿರಿನ ತೊಂದರೆ ಬೇರೆ. ಶ್ವಾಸ ಕಷ್ಟವಾದಾಗ ಎದೆಯ ಮತ್ತು ಕತ್ತಿನ ಸ್ನಾಯುಗಳೂ ಪಕ್ಕೆಲುಬುಗಳನ್ನು ಮೇಲೆಳೆದು ನೆರವಾಗುತ್ತವೆ. ಓಡಿ ಬಂದವರು ಮೊಣಕಾಲ ಮೇಲೆ ಕೈಯೂರಿ ಬಗ್ಗಿ ನಿಲ್ಲುವುದು ಇದಕ್ಕೇ: ತೋಳು ಊರಿದಾಗ ಆ ಸ್ನಾಯುಗಳು ತೋಳಿನ ಭಾರದಿಂದ ಬಿಡುಗಡೆಯಾಗಿ ಉಸಿರಿಗೆ ಒದಗುತ್ತವೆ. ತೋಳನ್ನು ತಲೆಯ ಮೇಲಕ್ಕೆ ಎತ್ತಿದರೆ ಆಗುವುದು ಇದಕ್ಕೆ ತಿರುವುಮುರುವು. ತುಂಬಿದ ಚೊಂಬನ್ನು ನೆತ್ತಿಗೆ ಎತ್ತುವುದು, ಬೆನ್ನು ಉಜ್ಜುವುದು, ತಲೆ ಒರೆಸುವುದು, ಬನಿಯನ್ನು ತಲೆಯ ಮೇಲಿಂದ ಹಾಕಿಕೊಳ್ಳುವುದು, ಒಂದೊಂದೂ ಉಸಿರಿನ ಕೂಲಿಯಾಳನ್ನು ಬೇರೆ ಕೆಲಸಕ್ಕೆ ಕರೆದೊಯ್ದಂತೆ. ಜನ ಇಲ್ಲಿ ಎಡವುತ್ತಾರೆ. ಸ್ನಾನದಲ್ಲಿ ಉಬ್ಬಸ ಬಂದರೆ ಬಿಸಿನೀರಿನ ಹಬೆಯೊಂದನ್ನೇ ದೂರುತ್ತಾರೆ. ಹಬೆಯದೂ ಪಾಲಿದೆ, ಆದರೆ ತೋಳಿನ ಪಾಲನ್ನು ಯಾರೂ ಗಮನಿಸುವುದಿಲ್ಲ.

ಬಚ್ಚಲ ಮಣೆಯದು ಇನ್ನೊಂದು ಸಂಕಟ. ಕೂತಲ್ಲಿಂದ ಏಳಬೇಕಾದರೆ ದೇಹದ ಭಾರ ಮೊದಲು ಮುಂದಕ್ಕೆ ಸರಿದು ಪಾದಗಳ ಮೇಲೆ ಬರಬೇಕು. ಮೂಗು ಕಾಲ್ಬೆರಳ ನೇರಕ್ಕೆ ಬರುವವರೆಗೆ ಬಗ್ಗಬೇಕು. ಆಸನ ಮೊಣಕಾಲಿಗಿಂತ ತಗ್ಗಿದಷ್ಟೂ ತೊಡೆಯ ಸ್ನಾಯುಗಳ ಮೇಲಿನ ಹೊರೆ ಏರುತ್ತದೆ. ಅಂಗೈ ಎತ್ತರದ ಮಣೆಯಿಂದ ಏಳಲಾರದವರೇ ಒಂದೂವರೆ ಅಡಿಯ ಕುರ್ಚಿಯಿಂದ ತಾವಾಗಿಯೇ ಏಳುವುದನ್ನು ಕಂಡಾಗ ಮನೆಯವರ ಮುಖ ಅರಳುತ್ತದೆ. ಈ ವೃತ್ತಿಯ ದೊಡ್ಡ ಸಂತೋಷಗಳಲ್ಲಿ ಅದೊಂದು. ತೋಳು ಹಿಡಿದು ಮೇಲಕ್ಕೆಳೆಯುವ ಅಭ್ಯಾಸ ಮಾತ್ರ ಬಿಡಬೇಕು. ಎಳೆದರೆ ರೋಗಿ ಹಿಂದಕ್ಕೆ ವಾಲುತ್ತಾರೆ, ಭುಜದ ಕೀಲಿಗೂ ಪೆಟ್ಟು.

ಹಾಗಾದರೆ ಪರಿಹಾರವೇನು? ಅಲುಗಾಡದ ಕುರ್ಚಿ, ಅದರಡಿಗೆ ಜಾರದ ರಬ್ಬರ್ ಚಾಪೆ. ಬಕೆಟ್ಟು ನೆಲದ ಮೇಲಲ್ಲ, ಸ್ಟೂಲಿನ ಮೇಲೆ, ಬಗ್ಗದೆ ಕೈಗೆ ಸಿಗುವಂತೆ. ದೊಡ್ಡ ಮಗ್ಗಿನ ಬದಲು ಅರ್ಧ ಲೀಟರಿನ ಚೊಂಬು. ಒರೆಸುವ ಬದಲು ದಪ್ಪ ಹತ್ತಿಯ ಬಟ್ಟೆ ಹೊದ್ದು ಕೂತರೆ ನೀರು ತಾನೇ ಇಂಗುತ್ತದೆ. ಅಂಗಿ ಮುಂದೆ ಗುಂಡಿಯಿರುವಂಥದ್ದು. ನಲ್ಲಿ ನೀರು ಬರುವುದು ಬೆಳಗ್ಗೆ ಆರಕ್ಕೆಂದು ರೋಗಿಯ ಸ್ನಾನವೂ ಆರಕ್ಕೇ ಆಗಬೇಕಿಲ್ಲ. ಡ್ರಮ್ಮಿನಲ್ಲಿ ತುಂಬಿಟ್ಟು, ಔಷಧಿ ತಾಗಿ ಮೈ ಹಗುರಾದ ಹೊತ್ತಿಗೆ ಮಾಡಿಸಬಹುದು.

ಇಷ್ಟಾದ ಮೇಲೆ ಕೇಳಬೇಕಾದ ಪ್ರಶ್ನೆ ಇನ್ನೂ ದೊಡ್ಡದು: ಆ ಶಕ್ತಿಯನ್ನು ಸ್ನಾನಕ್ಕೇ ಖರ್ಚು ಮಾಡಬೇಕೆ? ತನ್ನ ಕೆಲಸ ತಾನೇ ಮಾಡಿಕೊಳ್ಳುವುದು ಯಾವಾಗಲೂ ಒಳ್ಳೆಯದು ಎಂಬ ನಂಬಿಕೆ ಥೆರಪಿಸ್ಟ್‌ಗಳಲ್ಲೂ ಇದೆ. ಚೇತರಿಸಿಕೊಳ್ಳುವ ರೋಗಿಗೆ ಅದು ಸರಿ. ಕೊನೆಗಾಲದಲ್ಲಿ ಅದನ್ನೇ ಹಿಡಿದು ಕೂರುವುದು ಸಲ್ಲದು. ಮೀಯಿಸುವ ಕೆಲಸ ಮಗಳು ವಹಿಸಿಕೊಂಡರೆ ಸಂಜೆ ಹೂ ಕಟ್ಟಲು, ಬತ್ತಿ ಹೊಸೆಯಲು, ಇಸ್ಪೀಟಿನ ಒಂದು ಆಟಕ್ಕೆ ಉಸಿರು ಉಳಿಯುವುದಾದರೆ ಆ ಲೆಕ್ಕವೇ ಮೇಲು. ಆದರೆ ಆಯ್ಕೆ ರೋಗಿಯದು. ಮೀಯುವಾಗ ಬೇರೆಯವರ ಕೈ ಬೇಡ, ಹೂ ಕಟ್ಟದಿದ್ದರೂ ಸರಿ ಎನ್ನುವವರೂ ಇದ್ದಾರೆ, ಅವರ ಮಾತೇ ನಡೆಯಬೇಕು.

ಸೇವೆ ಎಂದರೆ ಎಲ್ಲವನ್ನೂ ತಾವೇ ಮಾಡುವುದು ಎಂದು ನಂಬಿದ ಕುಟುಂಬಕ್ಕೆ ಈ ಆಯ್ಕೆಯ ಮಾತನ್ನು ಒಪ್ಪಿಸುವುದು ಕಷ್ಟ. “ನೀವು ಸುಮ್ಮನೆ ಮಲಗಿ ಅಮ್ಮ” ಎನ್ನುವುದರಲ್ಲಿ ಪ್ರೀತಿಯೇ ಇದೆ. ಆದರೆ ನಲವತ್ತು ವರ್ಷ ಆ ಅಡುಗೆಮನೆಯನ್ನು ನಡೆಸಿದವರ ಕೈಗೆ ಕರಿಬೇವು ಬಿಡಿಸುವ ಕೆಲಸವನ್ನೂ ಕೊಡದಿದ್ದರೆ, ಕಾಯಿಲೆ ಇನ್ನೂ ಕಸಿಯದ್ದನ್ನು ಮನೆಯವರೇ ಕಸಿದಂತಾಗುತ್ತದೆ.

ಹಾಸಿಗೆ ಹಿಡಿದವರ ವಿಷಯದಲ್ಲಿ ಮುಖ್ಯವಾದದ್ದು ಚರ್ಮ. ಎಲುಬು ಮತ್ತು ಹಾಸಿಗೆಯ ನಡುವೆ ಸಿಕ್ಕ ಮಾಂಸದಲ್ಲಿ ರಕ್ತ ಹರಿಯದೆ ಹುಣ್ಣಾಗುತ್ತದೆ, ಆದ್ದರಿಂದ ಮಗ್ಗುಲು ಬದಲಿಸಬೇಕು; ಇದು ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ಜಾರುವಿಕೆಯ ಕೇಡು. ತಲೆಯ ಕಡೆ ದಿಂಬೇರಿಸಿ ಕೂರಿಸಿದಾಗ ದೇಹ ನಿಧಾನಕ್ಕೆ ಕೆಳಗೆ ಸರಿಯುತ್ತದೆ, ಬೆನ್ನ ಬುಡದ ಚರ್ಮ ಬಟ್ಟೆಗೆ ಅಂಟಿ ಅಲ್ಲೇ ಉಳಿಯುತ್ತದೆ, ಒಳಗಿನ ಸಣ್ಣ ರಕ್ತನಾಳಗಳು ಹಿಂಡಿದಂತಾಗುತ್ತವೆ. ಮೊಣಕಾಲಡಿಗೆ ಮೊದಲು ದಿಂಬಿಟ್ಟು ಆಮೇಲೆ ತಲೆ ಎತ್ತರಿಸಿದರೆ ಜಾರುವುದು ತಗ್ಗುತ್ತದೆ. ಔಷಧಿ ಅಂಗಡಿಯ ಗಾಳಿ ತುಂಬಿದ ಉಂಗುರದ ದಿಂಬು ಬೇಡ. ಅದು ತನ್ನ ಅಂಚಿನಲ್ಲಿ ಒತ್ತಿ, ನಡುವಿನ ಚರ್ಮಕ್ಕೆ ಹೋಗುವ ರಕ್ತವನ್ನೇ ತಡೆಯುತ್ತದೆ.

ಡೊಂಬಿವಲಿಯ ಹಳೆಯ ಕಟ್ಟಡಗಳಲ್ಲಿ, ಸಿಡ್ಕೋ ಎಂಬ ನಗರಾಭಿವೃದ್ಧಿ ಸಂಸ್ಥೆ ಕಟ್ಟಿದ ನವಿ ಮುಂಬಯಿಯ ಹಳೆಯ ವಸತಿಗಳಲ್ಲಿ ಲಿಫ್ಟಿಲ್ಲದ ಮೂರು ನಾಲ್ಕು ಮಹಡಿಗಳು ಸಾಮಾನ್ಯ. ಗಾಲಿಕುರ್ಚಿ ಕೊಂಡರೂ ಬಹಳ ಸಲ ಬಚ್ಚಲ ಬಾಗಿಲಲ್ಲೇ ಅದು ಸಿಕ್ಕಿಕೊಳ್ಳುತ್ತದೆ. ಆಸ್ಪತ್ರೆಗೆ ಇಳಿಸಬೇಕಾದಾಗ ನೆರೆಮನೆಯವರು ಕುರ್ಚಿ ಹೊರುತ್ತಾರೆ. ಕುರ್ಚಿ ಗಟ್ಟಿಯಿರಬೇಕು, ಹಿಂದಕ್ಕೆ ವಾಲಿರಬೇಕು, ಇಳಿಯುವಾಗಲೂ ಹತ್ತುವಾಗಲೂ ರೋಗಿಯ ಮುಖ ಕೆಳಗಿನ ಮೆಟ್ಟಿಲುಗಳ ಕಡೆಗೇ ಇರಬೇಕು. ಒಮ್ಮೆ ಬರಿ ಕುರ್ಚಿಯಲ್ಲಿ ಅಭ್ಯಾಸ ಮಾಡಿದರೆ ಗಡಿಬಿಡಿಯ ರಾತ್ರಿಯಲ್ಲಿ ಅದು ನೆರವಿಗೆ ಬರುತ್ತದೆ.

ಈ ಕ್ಷೇತ್ರದಲ್ಲಿ ಕಲಿಯುವುದು ಇನ್ನೂ ಬಹಳ ಇದೆ, ಮತ್ತು ಅದನ್ನು ಇಲ್ಲಿನವರೇ ಕಲಿಯಬೇಕಾಗಿದೆ. ರೋಗಿಯ ಸಾಮರ್ಥ್ಯ ಅಳೆಯಲು ಜಗತ್ತೆಲ್ಲ ಬಳಸುವ 1965ರ ಬಾರ್ಥೆಲ್ ಸೂಚಿಯಲ್ಲಿ ಹತ್ತು ಅಂಶಗಳಿವೆ: ಊಟ, ಸ್ನಾನ, ಉಡುಪು, ಮೆಟ್ಟಿಲು, ಮಂಚದಿಂದ ಕುರ್ಚಿಗೆ ಸರಿಯುವುದು ಇತ್ಯಾದಿ. ನೆಲದಿಂದ ಏಳುವುದು ಅದರಲ್ಲಿಲ್ಲ. ಪಂಕ್ತಿಯಲ್ಲಿ ಕೂತು ಉಣ್ಣುವ, ಚಾಪೆಯ ಮೇಲೆ ಮಲಗುವ, ಕುಕ್ಕರುಗಾಲಲ್ಲಿ ಶೌಚ ಮುಗಿಸುವ ಬದುಕಿಗೆ ಆ ಪಟ್ಟಿಯಲ್ಲಿ ಅಂಕವಿಲ್ಲ. ಇಲ್ಲಿನ ಮನೆಗಳನ್ನು ಅಳೆದು, ಇಲ್ಲಿನ ಚಲನೆಗಳನ್ನು ಗಮನಿಸಿ ಸೂಚಿಗಳನ್ನು ಕಟ್ಟುವ ಕೆಲಸಕ್ಕೆ ಎಳೆಯ ವಿದ್ಯಾರ್ಥಿಗಳು ಕೈಹಾಕಬೇಕು. ಅದಕ್ಕೆ ಬೇಕಾದ ಯಂತ್ರ ಟೇಪು ಮತ್ತು ನೋಟ್‌ಪುಸ್ತಕ, ಅಷ್ಟೇ.

ರೋಗಿ ತೀರಿಕೊಂಡ ಮೇಲೂ ಒಂದು ಭೇಟಿ ಉಳಿದಿರುತ್ತದೆ. ತಿಂಗಳುಗಟ್ಟಲೆ ಎರಡು ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸಿದ ಹೆಂಡತಿಗೆ ಆಮೇಲೂ ಅದೇ ಹೊತ್ತಿಗೆ ಎಚ್ಚರವಾಗುತ್ತದೆ, ಮಾಡಲು ಕೆಲಸವಿರುವುದಿಲ್ಲ. ಥೆರಪಿಸ್ಟ್ ಅವರ ಜೊತೆ ಕೂತು ಬೆಳಗಿನಿಂದ ರಾತ್ರಿಯವರೆಗಿನ ಹೊತ್ತನ್ನು ಒಂದೊಂದಾಗಿ ಕೇಳುತ್ತಾರೆ: ಯಾವಾಗ ಉಣ್ಣುತ್ತೀರಿ, ಮೊದಲು ಭಜನೆಗೆ ಹೋಗುತ್ತಿದ್ದಿರಲ್ಲ, ಯಾರ ಜೊತೆ? ಹೊರಡುವಾಗ ರೋಗಿ ಬಳಸಿದ ಕಮೋಡ್ ಕುರ್ಚಿಯನ್ನು ತೊಳೆದು ಒಣಗಿಸಿ, ಇನ್ನೊಂದು ಮನೆಯ ಬಚ್ಚಲ ಬಾಗಿಲಿಗೆ ಹಿಡಿಸುತ್ತದೆಯೇ ಎಂದು ಅದರ ಅಗಲ ಅಳೆದು ಬರೆದುಕೊಳ್ಳುತ್ತಾರೆ.