ಮನೆಯ ಗಣಕಯಂತ್ರ ದೂರದಿಂದ ತೆರೆಯುವಾಗ: ಕೀಲಿ ಯಾರ ಕೈಯಲ್ಲಿ?

ಕಾಸರಗೋಡಿನ ಕನ್ನಡ ಮಾಧ್ಯಮ ವಿದ್ಯಾರ್ಥಿಗಳಿಗೆ ಲಿನಕ್ಸ್ ಅಪರಿಚಿತವಲ್ಲ. ಕೇರಳದ ಶಾಲೆಗಳಲ್ಲಿ ಅವರು ಗಣಕಯಂತ್ರ ಕಲಿಯುವುದು ಉಬುಂಟು ಆಧಾರಿತ ಕೈಟ್ ಗ್ನೂ ಲಿನಕ್ಸ್‌ನಲ್ಲಿಯೇ. ಮನೆಯಲ್ಲಿಯೂ ಅದನ್ನೇ ಬಳಸಿದವರು ಮುಂದಿನ ವ್ಯಾಸಂಗಕ್ಕೆಂದು ಮಂಗಳೂರು ಸೇರಿದಾಗ ಕಡತಗಳು ಮನೆಯಲ್ಲಿಯೇ ಉಳಿಯುತ್ತವೆ. ಅವನ್ನು ಅಲ್ಲಿಂದಲೇ ತೆರೆಯಲು ದಾರಿಯಿದೆ.

ಮನೆಯ ಯಂತ್ರದಲ್ಲಿ ಎಕ್ಸ್‌ಆರ್‌ಡಿಪಿ ಎಂಬ ಉಚಿತ ತಂತ್ರಾಂಶವನ್ನು ಸ್ಥಾಪಿಸಿದರೆ, ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಅದರಲ್ಲಿ ದೂರದಿಂದಲೇ ಕೆಲಸ ಮಾಡಬಹುದು. ಯಂತ್ರ ನಿದ್ರಾಸ್ಥಿತಿಗೆ ಹೋಗಬಾರದು. ಅದೇ ಖಾತೆಯಲ್ಲಿ ಮನೆಯವರು ಲಾಗಿನ್ ಆಗಿದ್ದರೆ ಬರಿಯ ಕಪ್ಪು ಪರದೆ ಎದುರಾಗುವುದುಂಟು.

ಆದರೆ ಎಕ್ಸ್‌ಆರ್‌ಡಿಪಿ ಬಳಸುವ 3389ನೆಯ ಪೋರ್ಟನ್ನು ರೂಟರಿನಲ್ಲಿ ನೇರವಾಗಿ ತೆರೆದಿಡುವುದು ಹೆಬ್ಬಾಗಿಲಿಗೆ ಅಗಳಿ ಹಾಕದೆ ಮಲಗಿದಂತೆ. ಇಂತಹ ಬಾಗಿಲುಗಳನ್ನು ಹುಡುಕಿ ಪಾಸ್‌ವರ್ಡ್ ಊಹಿಸುವ ತಂತ್ರಾಂಶಗಳು ಅಂತರ್ಜಾಲದಲ್ಲಿ ಹಗಲಿರುಳು ಸಂಚರಿಸುತ್ತಿವೆ. ಆದುದರಿಂದ ಎಸ್‌ಎಸ್‌ಎಚ್ ಎಂಬ ಗೂಢಲಿಪಿಯ ಮಾರ್ಗವೊಂದನ್ನೇ ತೆರೆದು, ರಿಮೋಟ್ ಡೆಸ್ಕ್‌ಟಾಪನ್ನು ಅದರೊಳಗಿಂದಲೇ ಹಾಯಿಸುವುದು ಲೇಸು. ಪ್ರವೇಶಕ್ಕೆ ಪಾಸ್‌ವರ್ಡಿನ ಬದಲು ಕೀಲಿ ಕಡತವನ್ನೇ ಕಡ್ಡಾಯಗೊಳಿಸಬೇಕು; ಆ ಕಡತವನ್ನು ಅನ್ಯರ ಯಂತ್ರದಲ್ಲಿ ಬಿಟ್ಟುಬರಬಾರದು.

ಕಾನೂನಿನ ಮಾತೂ ಇದೆ. ಮಾಲೀಕರ ಅನುಮತಿಯಿಲ್ಲದೆ, ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಇನ್ನೊಬ್ಬರ ಗಣಕಯಂತ್ರವನ್ನು ಪ್ರವೇಶಿಸಿದವರಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ನೆಯ ಕಲಮು 3 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಇವೆರಡನ್ನೂ ವಿಧಿಸುತ್ತದೆ. ಮನೆಯಲ್ಲಿ ಕಲಿತ ವಿದ್ಯೆಯನ್ನು ಗೆಳೆಯನ ಯಂತ್ರದ ಮೇಲೆ ತಮಾಷೆಗೂ ಪ್ರಯೋಗಿಸಬಾರದೆಂಬುದನ್ನು ಮಕ್ಕಳು ಮೊದಲೇ ಅರಿಯಬೇಕು. ಕೀಲಿ ಯಾರ ಬಳಿ ಇರಬೇಕೆಂಬುದನ್ನು ಮನೆಮಂದಿಯೆಲ್ಲ ಕೂಡಿ ನಿರ್ಧರಿಸಲಿ. ಬಾಗಿಲು ಆಮೇಲೆ ತೆರೆಯಲಿ.